ಕಾಫಿ ತೋಟಗಳ ಭೂಹಕ್ಕು ಮತ್ತು ಕ್ರಯ: ಚಿಕ್ಕಮಗಳೂರು ಮಲೆನಾಡು

ಚಿಕ್ಕಮಗಳೂರು ಜಿಲ್ಲೆಯ ವಸ್ತಾರೆ ಹೋಬಳಿಯಿಂದ ಮೂಡಿಗೆರೆ, ಕಳಸದವರೆಗಿನ ಕಾಫಿ ಸೀಮೆಯಲ್ಲಿ ತೋಟದ ಕ್ರಯ ಎಂಬುದು ಹಲವು ಬಗೆಯ ಜಮೀನುಗಳನ್ನು ಒಂದೇ ವ್ಯವಹಾರದಲ್ಲಿ ಕೊಳ್ಳುವ ಕೆಲಸ. ಒಂದೇ ಬೇಲಿಯೊಳಗೆ, ಒಂದೇ ಹೆಸರಿನ ಬೋರ್ಡಿನ ಹಿಂದೆ ಇರುವ ತೋಟ ಕಂದಾಯ ದಾಖಲೆಯಲ್ಲಿ ಒಂದೇ ಜಮೀನಾಗಿರುವುದು ಅಪರೂಪ. ಅದರಲ್ಲಿ ಹಳೆಯ ಹಿಡುವಳಿ ಇರುತ್ತದೆ, ದರಖಾಸ್ತಿನಲ್ಲಿ (ಅರ್ಜಿಯ ಮೇಲೆ) ಸರ್ಕಾರದಿಂದ ಮಂಜೂರಾದ ತುಂಡು ಇರುತ್ತದೆ, ಗೇಣಿದಾರನಿಗೆ ಭೂ ನ್ಯಾಯಮಂಡಳಿ ಕೊಟ್ಟ ಗದ್ದೆ ಇರುತ್ತದೆ, ಯಾವ ಕಾಗದವೂ ಇಲ್ಲದ ಒತ್ತುವರಿಯೂ ಇರುತ್ತದೆ. ಪ್ರತಿಯೊಂದಕ್ಕೂ ಬೇರೆ ಕಾಯ್ದೆ, ಬೇರೆ ನಿರ್ಬಂಧ, ಬೇರೆ ಅಪಾಯ. ಹೂಡಿಕೆಗಾಗಿ ತೋಟ ಕೊಳ್ಳುವವರು ಗಿಡದ ವಯಸ್ಸು, ಮೆಣಸಿನ ಬಳ್ಳಿ, ನೀರು, ರಸ್ತೆಗಳನ್ನು ನೋಡುವಷ್ಟೇ ಎಚ್ಚರದಿಂದ ಜಮೀನುಗಳ ಈ ಹೊಲಿಗೆಯನ್ನು ನೋಡಬೇಕಾಗುತ್ತದೆ.

ಭಾರತದಲ್ಲಿ ನೋಂದಣಿಯಾಗುವುದು ಪತ್ರ, ಹಕ್ಕಲ್ಲ. 1908ರ ನೋಂದಣಿ ಕಾಯ್ದೆಯಡಿ ಉಪನೋಂದಣಾಧಿಕಾರಿ ಕ್ರಯಪತ್ರವನ್ನು ದಾಖಲಿಸಿಕೊಳ್ಳುತ್ತಾರೆ. ಮಾರಿದವನಿಗೆ ಮಾರುವ ಹಕ್ಕಿತ್ತು ಎಂದು ಸರ್ಕಾರ ಖಾತ್ರಿ ಕೊಡುವುದಿಲ್ಲ. ಆಸ್ಟ್ರೇಲಿಯದಲ್ಲಿ ಹುಟ್ಟಿದ ಟೋರೆನ್ಸ್ ಪದ್ಧತಿಯಲ್ಲಿ ಸರ್ಕಾರಿ ರಿಜಿಸ್ಟರಿನ ನಮೂದೇ ಹಕ್ಕಿನ ಪ್ರಮಾಣ. ಅಮೆರಿಕದಲ್ಲಿ ಹಕ್ಕಿನ ದೋಷಕ್ಕೆ ವಿಮೆ ಮಾಡಿಸುವುದು ರೂಢಿ. ಕರ್ನಾಟಕದಲ್ಲಿ ಇವೆರಡರ ಜಾಗದಲ್ಲೂ ನಿಂತಿರುವುದು ಕೊಳ್ಳುವವನ ಸ್ವಂತ ತನಿಖೆ ಮತ್ತು ವಕೀಲರು ಬರೆದುಕೊಡುವ ಅಭಿಪ್ರಾಯ.

ಹಕ್ಕಿನ ಮೂಲಗಳು

ಬಾಬಾಬುಡನ್‌ಗಿರಿಯ ಸೆರಗಿನಿಂದ ಹಬ್ಬಿದ ಕಾಫಿ ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿಯನ್ ಪ್ಲಾಂಟರುಗಳ ಕೈಯಲ್ಲೂ ಸ್ಥಳೀಯ ಗೌಡ ಮನೆತನಗಳ ಕೈಯಲ್ಲೂ ದೊಡ್ಡ ಕೃಷಿಯಾಯಿತು. ಮೈಸೂರು ಸಂಸ್ಥಾನ ಮೊದಲು ಕಾಫಿ ಬೆಳೆಯ ಮೇಲೆ ಹಾಲತ್ ಎಂಬ ಸುಂಕ ಎತ್ತುತ್ತಿತ್ತು, ಆಮೇಲೆ ಎಕರೆವಾರು ಕಂದಾಯಕ್ಕೆ ಬದಲಾಯಿಸಿತು. ಈ ಬದಲಾವಣೆಯ ಪರಿಣಾಮ ದೊಡ್ಡದು: ಬೆಳೆಗೆ ತೆರಿಗೆ ಇದ್ದಾಗ ತೋಟದ ಗಡಿ ಎಲ್ಲಿ ಎಂದು ಕೇಳುವ ಅಗತ್ಯ ಕಡಿಮೆ, ಎಕರೆಗೆ ಕಂದಾಯ ಬಂದ ಮೇಲೆ ಅಳತೆಯೇ ಹಕ್ಕಿನ ಆಧಾರ. ಆ ಕಾಲದಿಂದ ಕಂದಾಯ ಕಟ್ಟುತ್ತ ಬಂದ ಹಿಡುವಳಿ ಜಮೀನು ಇಂದಿಗೂ ಈ ಸೀಮೆಯ ಅತ್ಯಂತ ಗಟ್ಟಿ ಹಕ್ಕು. ಕೊಳ್ಳುವವರು ‘ಹಳೇ ಹಿಡುವಳಿಯಾ?’ ಎಂದು ಮೊದಲು ಕೇಳುವುದು ಅದಕ್ಕೇ.

ಮಠ, ದೇವಸ್ಥಾನ, ವ್ಯಕ್ತಿಗಳಿಗೆ ಕೊಟ್ಟಿದ್ದ ಇನಾಂ ಜಮೀನುಗಳದ್ದು ಬೇರೆ ದಾರಿ. ವೈಯಕ್ತಿಕ ಮತ್ತು ಇತರ ಇನಾಂಗಳು 1954ರ ಕಾಯ್ದೆಯಿಂದ, ಧಾರ್ಮಿಕ ಮತ್ತು ಧರ್ಮಾರ್ಥ ಇನಾಂಗಳು 1955ರ ಕಾಯ್ದೆಯಿಂದ ರದ್ದಾದವು. ಅಂಥ ಜಮೀನಿಗೆ ಇಂದಿನ ಹಕ್ಕಿನ ಮೂಲ ಇನಾಂ ಸನದಲ್ಲ. ರದ್ದತಿಯ ನಂತರ ಅಧಿಕಾರಿ ಅಥವಾ ನ್ಯಾಯಮಂಡಳಿ ಮಾಡಿಕೊಟ್ಟ ಅಧಿಭೋಗದ ಆದೇಶ. ದೇವಸ್ಥಾನಗಳ ಜಮೀನು ಹೆಚ್ಚಿರುವ ಸುತ್ತಿನಲ್ಲಿ ಈ ಆದೇಶದ ದೃಢೀಕೃತ ಪ್ರತಿ ಸಿಗದಿದ್ದರೆ ಮುಂದಿನ ಎಲ್ಲ ಕ್ರಯಪತ್ರಗಳೂ ಬುಡವಿಲ್ಲದೆ ನಿಲ್ಲುತ್ತವೆ.

ಮೂರನೆಯದು ಭೂಸುಧಾರಣೆ. 1961ರ ಕರ್ನಾಟಕ ಭೂಸುಧಾರಣಾ ಕಾಯ್ದೆಗೆ ಮಾಡಿದ ತಿದ್ದುಪಡಿಯ ಪ್ರಕಾರ 1974ರ ಮಾರ್ಚ್ 1ರಂದು ಗೇಣಿಯಲ್ಲಿದ್ದ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಹಾಕಿ ಭೂ ನ್ಯಾಯಮಂಡಳಿಯಿಂದ ಅಧಿಭೋಗದಾರಿಕೆ ಪಡೆದರು. ಹೀಗೆ ಬಂದ ಜಮೀನನ್ನು 15 ವರ್ಷ ಪರಭಾರೆ ಮಾಡುವಂತಿರಲಿಲ್ಲ. ಆ ಅವಧಿಯೊಳಗೆ ಆದ ಕ್ರಯ ಇಂದಿಗೂ ಕಂಟಕ. ನ್ಯಾಯಮಂಡಳಿಯ ಆದೇಶದ ವಿರುದ್ಧ ಹಳೆಯ ಭೂಮಾಲೀಕ ಹೈಕೋರ್ಟಿಗೆ ಹೋಗಿದ್ದು, ಪ್ರಕರಣ ಮರುವಿಚಾರಣೆಗೆ ವಾಪಸು ಬಂದು ಕಡತ ಹಾಗೆಯೇ ಉಳಿದಿರುವುದೂ ಉಂಟು. ಪಹಣಿ ನೋಡಿದವರಿಗೆ ಇದರ ಸುಳಿವು ಸಿಗುವುದಿಲ್ಲ.

ಮಂಜೂರಾತಿ ಜಮೀನು

ತೊಡಕು ಹೆಚ್ಚಿರುವುದು ಇಲ್ಲಿ. ಗೋಮಾಳ, ಸೊಪ್ಪಿನಬೆಟ್ಟ, ಸರ್ಕಾರಿ ಬೀಳು ಇವುಗಳಿಂದ ದಶಕಗಳ ಕಾಲ ದರಖಾಸ್ತು ಮೂಲಕ ಜಮೀನು ಮಂಜೂರಾಗಿದೆ. ಸೊಪ್ಪಿನಬೆಟ್ಟದ ಮೇಲೆ ಹಿಡುವಳಿದಾರನಿಗೆ ಇರುವುದು ಸೊಪ್ಪು, ಸೌದೆ ತರುವ ಸವಲತ್ತು. 1964ರ ಭೂಕಂದಾಯ ಕಾಯ್ದೆ ಆ ಸವಲತ್ತನ್ನು ಉಳಿಸಿತೇ ಹೊರತು ಮಾಲೀಕತ್ವ ಕೊಡಲಿಲ್ಲ. ಹೀಗಿದ್ದೂ ಸೊಪ್ಪಿನಬೆಟ್ಟದಲ್ಲಿ ಕಾಫಿ ಹಾಕಿ, ಹಿಡುವಳಿಯೊಂದಿಗೆ ಸೇರಿಸಿ ಮಾರುವುದು ನಡೆದೇ ಇದೆ.

1969ರ ಭೂ ಮಂಜೂರಾತಿ ನಿಯಮಗಳ ಪ್ರಕಾರ ಮಂಜೂರಾದ ಜಮೀನನ್ನು 15 ವರ್ಷ ಪರಭಾರೆ ಮಾಡಬಾರದು. ಅನಧಿಕೃತ ಸಾಗುವಳಿಯ ಸಕ್ರಮಕ್ಕೆ ಸರ್ಕಾರ ಕಾಲಕಾಲಕ್ಕೆ ನಮೂನೆ 50, ನಮೂನೆ 53, 2018ರಲ್ಲಿ ನಮೂನೆ 57ರಡಿ ಅರ್ಜಿ ಕರೆದಿದೆ. ಅರ್ಜಿ ಹಾಕಿದ ರಸೀತಿ ಹಕ್ಕುಪತ್ರವಲ್ಲ. ಸಕ್ರಮದ ಅರ್ಜಿಗಳನ್ನು ನೋಡುವ ಬಗರ್‌ಹುಕುಂ ಸಮಿತಿಯ ನಡಾವಳಿ, ಕಿಮ್ಮತ್ತು ಕಟ್ಟಿದ ಚಲನ್, ಸಾಗುವಳಿ ಚೀಟಿ, ಖಾತೆ ಬದಲಾವಣೆ, ಪೋಡಿ (ತುಂಡನ್ನು ಅಳೆದು ಬೇರ್ಪಡಿಸುವುದು) ಇಷ್ಟೂ ಕೊಂಡಿ ಕೂಡಿದರೆ ಮಾತ್ರ ಮಂಜೂರಾತಿ ಪೂರ್ಣ. ಸಾಗುವಳಿ ಚೀಟಿ ಕೈಯಲ್ಲಿದ್ದೂ ತಾಲ್ಲೂಕು ಕಚೇರಿಯಲ್ಲಿ ಮೂಲ ಕಡತವೇ ಇಲ್ಲದಿರುವ ಪ್ರಕರಣಗಳು ಜಿಲ್ಲೆಯಲ್ಲಿ ಹೊಸತಲ್ಲ. ಕಡೂರು, ಮೂಡಿಗೆರೆ ತಾಲ್ಲೂಕುಗಳ ಅಕ್ರಮ ಮಂಜೂರಾತಿ ದೂರುಗಳ ಮೇಲೆ ಸರ್ಕಾರ ಹೊರಗಿನ ತಹಶೀಲ್ದಾರರ ತಂಡ ಕಳಿಸಿ ಕಡತಗಳನ್ನು ಪರಿಶೀಲಿಸಿದ್ದೂ ಇದೆ. ಆದ್ದರಿಂದ ಮಂಜೂರಾತಿ ಜಮೀನಿನ ವಿಷಯದಲ್ಲಿ ಮಾರುವವನು ತೋರಿಸುವ ಪ್ರತಿಯನ್ನು ನಂಬದೆ, ಕಚೇರಿಯ ಅಭಿಲೇಖಾಲಯದಿಂದ ಕಡತದ ದೃಢೀಕೃತ ನಕಲನ್ನು ಕೊಳ್ಳುವವನೇ ಅರ್ಜಿ ಕೊಟ್ಟು ಪಡೆಯುವುದು ಸರಿಯಾದ ಕ್ರಮ. ಮಂಜೂರಾತಿ ರಿಜಿಸ್ಟರಿನಲ್ಲಿ ಆ ನಂಬರು ಇದೆಯೇ, ಹಿಂದು ಮುಂದಿನ ನಂಬರುಗಳ ತಾರೀಖಿಗೆ ಹೊಂದುತ್ತದೆಯೇ ಎಂಬ ಸಣ್ಣ ಪರೀಕ್ಷೆಯಲ್ಲೇ ಎಷ್ಟೋ ಸುಳ್ಳು ಚೀಟಿಗಳು ಸಿಕ್ಕಿಬೀಳುತ್ತವೆ.

ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಮಂಜೂರಾದ ಜಮೀನಿಗೆ ಇನ್ನೂ ಕಟ್ಟುನಿಟ್ಟಿನ ಕಾಯ್ದೆ ಇದೆ. 1978ರ, 1979ರ ಜನವರಿ 1ರಿಂದ ಜಾರಿಯಲ್ಲಿರುವ, ಪಿಟಿಸಿಎಲ್ ಎಂದೇ ಎಲ್ಲರೂ ಕರೆಯುವ ಈ ಕಾಯ್ದೆ ಸರ್ಕಾರದ ಪೂರ್ವಾನುಮತಿ ಇಲ್ಲದ ಪರಭಾರೆಯನ್ನು ಅಸಿಂಧು ಎನ್ನುತ್ತದೆ. ಮಂಜೂರಾತಿಯ ಷರತ್ತು ಮುರಿದು ನಡೆದಿದ್ದರೆ ಕಾಯ್ದೆ ಬರುವ ಮುಂಚಿನ ಕ್ರಯವೂ ಅಸಿಂಧುವೇ. ಉಪವಿಭಾಗಾಧಿಕಾರಿ ಅಂಥ ಜಮೀನನ್ನು ಬಿಡಿಸಿ ಮೂಲ ಮಂಜೂರಾತಿದಾರನ ವಾರಸುದಾರರಿಗೆ ಕೊಡಿಸಬಹುದು. ಕಾಯ್ದೆಯ ಸಿಂಧುತ್ವವನ್ನು ಸುಪ್ರೀಂ ಕೋರ್ಟ್ 1984ರ ಮಂಚೇಗೌಡ ಪ್ರಕರಣದಲ್ಲಿ ಎತ್ತಿಹಿಡಿಯಿತು. 2017ರ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ, ಬಿಡಿಸಿಕೊಡುವ ಅರ್ಜಿ ಸಕಾಲದಲ್ಲಿ ಬರಬೇಕು ಎಂದು ಅದೇ ನ್ಯಾಯಾಲಯ ಹೇಳಿದ ಮೇಲೆ ಹಳೆಯ ಅರ್ಜಿಗಳು ವಜಾ ಆಗತೊಡಗಿದವು. 2023ರಲ್ಲಿ ವಿಧಾನಮಂಡಲ ತಿದ್ದುಪಡಿ ತಂದು ಕಾಲಮಿತಿ ಇಲ್ಲ ಎಂದಿತು. ಮೂರು ನಾಲ್ಕು ಕೈ ಬದಲಾಗಿ, ಈಗ ಕಾಫಿ ತುಂಬಿ ನಿಂತಿರುವ ತುಂಡಿಗೂ ಇದು ಅನ್ವಯ. ಕಾಯ್ದೆಯ ಉದ್ದೇಶ ನ್ಯಾಯವಾದದ್ದು: ಕೂಲಿ ಮಾಡುವ ಕುಟುಂಬಕ್ಕೆ ಸಿಕ್ಕ ಒಂದೆರಡು ಎಕರೆ ಸಾಲದ ಹೆಸರಿನಲ್ಲಿ ದೊಡ್ಡ ತೋಟದೊಳಗೆ ಕರಗಿಹೋಗಬಾರದು. ಕೊಳ್ಳುವವನ ತನಿಖೆ ಆ ತುಂಡಿನ ಮೊದಲ ಮಂಜೂರಾತಿದಾರನ ಹೆಸರಿನವರೆಗೂ ಹೋಗಬೇಕಾದದ್ದು ಇದೇ ಕಾರಣಕ್ಕೆ.

ಅರಣ್ಯದ ಗಡಿ

ಕಳಸ, ಕುದುರೆಮುಖದ ಕಡೆಗೆ ಹೋದಷ್ಟೂ ಕಂದಾಯ ಜಮೀನು ಮತ್ತು ಅರಣ್ಯದ ನಡುವಿನ ಗೆರೆ ಮಸುಕಾಗುತ್ತದೆ. ಕರ್ನಾಟಕ ಅರಣ್ಯ ಕಾಯ್ದೆಯ 4ನೇ ಸೆಕ್ಷನ್ ಅಡಿ ಮೀಸಲು ಅರಣ್ಯ ಮಾಡುವ ಉದ್ದೇಶ ಪ್ರಕಟವಾದ ದಿನದಿಂದ ಆ ಪ್ರದೇಶದಲ್ಲಿ ಹೊಸ ಹಕ್ಕು ಹುಟ್ಟುವುದಕ್ಕೆ ತಡೆ ಬೀಳುತ್ತದೆ. ಅರಣ್ಯ ವ್ಯವಸ್ಥಾಪನಾಧಿಕಾರಿ ಹಕ್ಕುಗಳನ್ನು ವಿಚಾರಿಸಿ, 17ನೇ ಸೆಕ್ಷನ್ ಅಡಿ ಅಂತಿಮ ಅಧಿಸೂಚನೆ ಹೊರಡುವವರೆಗೆ ದಶಕಗಳೇ ಕಳೆದಿರುವುದುಂಟು. ಈ ನಡುವೆ ಕಂದಾಯ ಇಲಾಖೆ ಅದೇ ಸರ್ವೆ ನಂಬರಿನಲ್ಲಿ ಮಂಜೂರಾತಿ ಕೊಟ್ಟಿದ್ದರೆ, ಒಂದು ಇಲಾಖೆಯ ಹಕ್ಕುಪತ್ರ, ಇನ್ನೊಂದು ಇಲಾಖೆಯ ಒತ್ತುವರಿ ಪಟ್ಟಿ ಎರಡೂ ಒಂದೇ ರೈತನ ಮನೆಗೆ ಬರುತ್ತವೆ. ಅರಣ್ಯ ಎಂಬ ಮಾತಿಗೆ ನಿಘಂಟಿನ ಅರ್ಥವನ್ನೂ ಸೇರಿಸಬೇಕೆಂದ, ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ 1996ರ ಡಿಸೆಂಬರ್ 12ರ ಆದೇಶದ ನಂತರ ಪರಿಭಾವಿತ (ಡೀಮ್ಡ್) ಅರಣ್ಯದ ಪಟ್ಟಿಗಳೂ ಇದಕ್ಕೆ ಸೇರಿದವು. ಮೂಡಿಗೆರೆ ತಾಲ್ಲೂಕಿನ ತತ್ಕೊಳ ಮೀಸಲು ಅರಣ್ಯದೊಳಗಿನ ಕಾಫಿ ಒತ್ತುವರಿ ಅದೇ ಪ್ರಕರಣದ ಭಾಗವಾಗಿ ಸುಪ್ರೀಂ ಕೋರ್ಟಿನವರೆಗೆ ಹೋಗಿ ತೆರವಾಯಿತು. ಫಸಲು ಬಿಡುತ್ತಿದ್ದ ಗಿಡ ಹಕ್ಕನ್ನು ಹುಟ್ಟಿಸಲಿಲ್ಲ.

ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆಗಳು 2014ರಿಂದ ಮತ್ತೆ ಮತ್ತೆ ಹೊರಟಿವೆ, ಆರನೆಯದು 2024ರ ಜುಲೈ ಕೊನೆಯಲ್ಲಿ. ಕರಡಿನಲ್ಲಿ ಗ್ರಾಮದ ಹೆಸರಿದ್ದ ಮಾತ್ರಕ್ಕೆ ತೋಟದ ಹಕ್ಕು ಹೋಗುವುದಿಲ್ಲ, ಕಾಫಿ ಬೆಳೆಯುವುದೂ ನಿಲ್ಲುವುದಿಲ್ಲ. ಗಣಿ, ಕೆಂಪು ವರ್ಗದ ಕೈಗಾರಿಕೆ, ದೊಡ್ಡ ಕಟ್ಟಡ ಯೋಜನೆಗಳಿಗೆ ಅದು ತಡೆ. ರೆಸಾರ್ಟ್ ಕಟ್ಟುವ ಲೆಕ್ಕದಲ್ಲಿ ತೋಟ ಕೊಳ್ಳುವವರಿಗೆ ಮಾತ್ರ ಆ ಪಟ್ಟಿ ಮುಖ್ಯ.

ಒತ್ತುವರಿ ಮತ್ತು ಗುತ್ತಿಗೆ

ಒಂದು ಕಲ್ಪಿತ ತೋಟವನ್ನು ತೆಗೆದುಕೊಂಡರೆ ವಿಷಯ ಸ್ಪಷ್ಟವಾಗುತ್ತದೆ. ಮಾರುವವನು ಹೇಳುವುದು 38 ಎಕರೆ. ಅದರಲ್ಲಿ 22 ಎಕರೆ ಹಿಡುವಳಿ, 6 ಎಕರೆ ತಂದೆಯ ಹೆಸರಿಗೆ ಬಂದ ದರಖಾಸ್ತು, 4 ಎಕರೆ ನಮೂನೆ 7ರ ಗೇಣಿದಾರನಿಂದ ಕೊಂಡದ್ದು, 3 ಎಕರೆ ಗದ್ದೆ ಮುಚ್ಚಿ ಅಡಿಕೆ ಹಾಕಿದ್ದು, ಉಳಿದ 3 ಎಕರೆ ಒತ್ತುವರಿ. ತೋಟದಲ್ಲಿ ಓಡಾಡುವಾಗ ಈ ಐದು ತುಂಡುಗಳ ನಡುವೆ ಯಾವ ಗುರುತೂ ಕಾಣುವುದಿಲ್ಲ: ಅದೇ ನೆರಳು, ಅದೇ ಸಿಲ್ವರ್ ಓಕ್ ಸಾಲು. ಒಳ್ಳೆಯ ರೋಬಸ್ಟಾ ಇರುವುದು ಒತ್ತುವರಿಯ ಹಳ್ಳದ ಪಕ್ಕದಲ್ಲೇ ಆಗಿರಬಹುದು, ಪಂಪ್‌ಸೆಟ್ಟಿನ ಕೆರೆಯೂ ಅಲ್ಲೇ ಇರಬಹುದು. ‘ರೆಕಾರ್ಡ್ ಜಾಗ’ಕ್ಕೆ ಒಂದು ದರ, ಒತ್ತುವರಿಗೆ ಇನ್ನೊಂದು ದರ ಎಂದು ಮಾತಾಡುವ ರೂಢಿ ಇದೆ. ಕಾನೂನಿನ ಲೆಕ್ಕದಲ್ಲಿ ಎರಡನೆಯದಕ್ಕೆ ಮಾರುವ ಹಕ್ಕೇ ಇಲ್ಲ, ಆ ಹಣಕ್ಕೆ ಕ್ರಯಪತ್ರದ ರಕ್ಷಣೆಯೂ ಇಲ್ಲ. ಭೂಕಂದಾಯ ಕಾಯ್ದೆಯ 192ಎ ಸೆಕ್ಷನ್ ಸರ್ಕಾರಿ ಜಮೀನಿನ ಒತ್ತುವರಿಯನ್ನು ಅಪರಾಧವೆಂದೂ ಕಾಣುತ್ತದೆ. ಸರ್ಕಾರದ ವಿರುದ್ಧ ಪ್ರತಿಕೂಲ ಸ್ವಾಧೀನ ಹೇಳಲು 30 ವರ್ಷ ಬೇಕು. ಖಾಸಗಿಯವರ ವಿರುದ್ಧ 12 ವರ್ಷ ಸಾಕು. ಸಕ್ರಮಕ್ಕೆ ಅರ್ಜಿ ಹಾಕಿದ್ದರಂತೂ ಜಮೀನು ಸರ್ಕಾರದ್ದೆಂದು ತಾನೇ ಒಪ್ಪಿದಂತೆ.

ಬೆಳೆಗಾರರ ಬಹುಕಾಲದ ಒತ್ತಾಯದ ಮೇಲೆ ರಾಜ್ಯ ಸರ್ಕಾರ ಭೂಕಂದಾಯ ಕಾಯ್ದೆಗೆ ತಿದ್ದುಪಡಿ ತಂದು, ಕಾಫಿ, ಏಲಕ್ಕಿ, ಮೆಣಸು, ರಬ್ಬರ್, ಚಹಾ ಬೆಳೆದಿರುವ ಅನಧಿಕೃತ ಸಾಗುವಳಿಯ ಸರ್ಕಾರಿ ಜಮೀನನ್ನು 25 ಎಕರೆಯವರೆಗೆ 30 ವರ್ಷದ ಗುತ್ತಿಗೆಗೆ ಕೊಡಲು ದಾರಿ ಮಾಡಿದೆ. ಗುತ್ತಿಗೆದಾರ ಮಾಲೀಕನಲ್ಲ ಎಂಬುದನ್ನು ಕೊಳ್ಳುವವರು ಮರೆಯಬಾರದು. ಅರಣ್ಯ ಜಮೀನಿಗೆ ಈ ದಾರಿ ಇಲ್ಲ.

ಯಾರು ಕೊಳ್ಳಬಹುದು

ಭೂಸುಧಾರಣಾ ಕಾಯ್ದೆಯ 104ನೇ ಸೆಕ್ಷನ್ ತೋಟದ ಬೆಳೆಗಳ ಜಮೀನಿಗೆ ಗರಿಷ್ಠ ಮಿತಿಯಿಂದಲೂ, ಕೃಷಿಕರಲ್ಲದವರು ಕೊಳ್ಳಬಾರದೆಂಬ ನಿಷೇಧದಿಂದಲೂ ವಿನಾಯಿತಿ ಕೊಟ್ಟಿದೆ. ಬೆಂಗಳೂರಿನ ವ್ಯಾಪಾರಿಯೂ ಕಂಪನಿಯೂ ಕಾಫಿ ತೋಟವನ್ನು ಹಿಂದಿನಿಂದಲೂ ಕೊಳ್ಳಬಹುದಾಗಿದ್ದದ್ದು ಈ ವಿನಾಯಿತಿಯಿಂದ. ಆದರೆ ವಿನಾಯಿತಿ ಇದ್ದದ್ದು ಕಾಫಿಗೆ, ತೋಟದ ನಡುವಿನ ಗದ್ದೆಗೆ ಅಲ್ಲ. ತೋಟದ ರಕ್ಷಣೆ ಮತ್ತು ನಿರ್ವಹಣೆಗೆ ಅಗತ್ಯವೆಂದು ನಿಯತ ಅಧಿಕಾರಿ ನಿರ್ಧರಿಸಿದಷ್ಟು ನಡುಜಮೀನು ಮಾತ್ರ ತೋಟದ ವ್ಯಾಖ್ಯೆಯೊಳಗೆ ಬರುತ್ತದೆ. ಹಾಗೆ ನಿರ್ಧಾರವಾಗದ ಗದ್ದೆಯನ್ನು ಕೃಷಿಕರಲ್ಲದವರು ಕೊಂಡಿದ್ದರೆ 79ಎ, 79ಬಿ ಸೆಕ್ಷನ್‌ಗಳ ಅಡಿ ಪ್ರಕರಣವಾಗುತ್ತಿತ್ತು. 2020ರ ತಿದ್ದುಪಡಿ ಆ ಸೆಕ್ಷನ್‌ಗಳನ್ನೇ ತೆಗೆದುಹಾಕಿ, ಬಾಕಿ ಇದ್ದ ಪ್ರಕರಣಗಳನ್ನು ಕೈಬಿಟ್ಟಿತು. ಅದಕ್ಕೂ ಮುಂಚೆ ಮುಟ್ಟುಗೋಲಿನ ಅಂತಿಮ ಆದೇಶ ಆಗಿಹೋದ ತುಂಡುಗಳ ಸ್ಥಿತಿ ಬೇರೆ. ಹೀಗಾಗಿ ಹಳೆಯ ತೋಟದ ಗದ್ದೆ ನಂಬರುಗಳಿಗೆ ಉಪವಿಭಾಗಾಧಿಕಾರಿ ಕಚೇರಿಯಲ್ಲಿ ಪ್ರತ್ಯೇಕ ವಿಚಾರಣೆ ಬೇಕು.

ಅನಿವಾಸಿ ಭಾರತೀಯರ ವಿಷಯದಲ್ಲಿ ರಾಜ್ಯದ ಈ ಸಡಿಲಿಕೆ ಉಪಯೋಗಕ್ಕೆ ಬರುವುದಿಲ್ಲ. ವಿದೇಶಿ ವಿನಿಮಯದ ಕೇಂದ್ರ ನಿಯಮಗಳ ಪ್ರಕಾರ ಅವರೂ ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇರುವವರೂ ಕೃಷಿ ಜಮೀನು, ಪ್ಲಾಂಟೇಶನ್, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ವಾರಸಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು, ಭಾರತದಲ್ಲಿ ವಾಸವಿರುವ ಭಾರತೀಯ ಪ್ರಜೆಗೆ ಮಾರಬಹುದು. ಅಮೆರಿಕದಲ್ಲಿರುವ ಮಗ ಹಣ ಕಳಿಸಿ ಮೂಡಿಗೆರೆಯಲ್ಲಿರುವ ಅಪ್ಪನ ಹೆಸರಿನಲ್ಲಿ ತೋಟ ಮಾಡಿಸುವುದು ಕಾಣಸಿಗುವ ವ್ಯವಸ್ಥೆ. ಅದು ಬೇನಾಮಿ ಕಾಯ್ದೆಯ ಅಂಚಿನಲ್ಲಿ ನಿಲ್ಲುವ ವ್ಯವಸ್ಥೆಯೂ ಹೌದು.

ದಾಖಲೆಗಳನ್ನು ಓದುವುದು

ಪಹಣಿ ಎಲ್ಲರಿಗೂ ಗೊತ್ತಿರುವ ದಾಖಲೆ, ಎಲ್ಲರೂ ಅರ್ಧ ಓದುವ ದಾಖಲೆ. 2000ದ ಸುಮಾರಿಗೆ ಶುರುವಾದ ಭೂಮಿ ಯೋಜನೆ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತು. ಹೆಚ್ಚಿನವರು ನೋಡುವುದು 9ನೇ ಕಾಲಂ, ಅಂದರೆ ಮಾಲೀಕರ ಹೆಸರು ಮತ್ತು ವಿಸ್ತೀರ್ಣ. ಕತೆ ಇರುವುದು ಅಕ್ಕಪಕ್ಕದಲ್ಲಿ. 10ನೇ ಕಾಲಂ ಸ್ವಾಧೀನತೆಯ ರೀತಿ: ಕ್ರಯವೋ, ಪೌತಿಯೋ, ಮಂಜೂರಾತಿಯೋ, ಜೊತೆಗೆ ಎಂ.ಆರ್. (ಮ್ಯುಟೇಶನ್ ರಿಜಿಸ್ಟರ್) ನಂಬರು. 11ನೇ ಕಾಲಂ ಇತರ ಹಕ್ಕು ಮತ್ತು ಋಣ: ಸಹಕಾರ ಸಂಘದ ಸಾಲ, ಬ್ಯಾಂಕಿನ ಅಡಮಾನ, ಕೋರ್ಟಿನ ತಡೆ, ಪರಭಾರೆ ನಿಷೇಧದ ಷರತ್ತು ಇಲ್ಲಿ ಕೂರುತ್ತವೆ. 12ನೇದು ಸಾಗುವಳಿದಾರನ ಹೆಸರು ಮತ್ತು ಬೆಳೆ. 3ನೇ ಕಾಲಮಿನ ಖರಾಬು ನಮೂದನ್ನೂ ಬಿಡಬಾರದು. ಎ ಖರಾಬು ಸಾಗುವಳಿಗೆ ಬಾರದ್ದೆಂದು ಕಂದಾಯ ಬಿಟ್ಟ ಭಾಗ, ಹಿಡುವಳಿಯ ಜೊತೆಗೇ ಹೋಗುತ್ತದೆ. ಬಿ ಖರಾಬು ಹಳ್ಳ, ದಾರಿಗಳಂಥ ಸಾರ್ವಜನಿಕ ಭಾಗ, ಸರ್ಕಾರದ್ದು.

ಗಣಕೀಕೃತ ಪಹಣಿಯಿಂದ ಕೈಬರಹದ ಪಹಣಿಗೆ, ಅಲ್ಲಿಂದ ಸೂಚಿ, ಹಕ್ಕುದಾಖಲೆ, ಮ್ಯುಟೇಶನ್ ರಿಜಿಸ್ಟರುಗಳಿಗೆ ಹಿಂದೆ ಹಿಂದೆ ಹೋಗಿ, ಹೆಸರು ಬದಲಾದ ಪ್ರತಿ ಜಾಗದಲ್ಲೂ ಅದಕ್ಕೆ ಕಾರಣವಾದ ಪತ್ರವನ್ನು ಹಿಡಿಯಬೇಕು. ಕಂದಾಯ ದಾಖಲೆಯ ನಮೂದು ತಪ್ಪೆಂದು ಸಾಬೀತಾಗುವವರೆಗೆ ಸರಿ ಎಂದು ಭೂಕಂದಾಯ ಕಾಯ್ದೆಯ 133ನೇ ಸೆಕ್ಷನ್ ಹೇಳುತ್ತದೆ. ಹಾಗೆಂದು ಪಹಣಿ ಹಕ್ಕನ್ನು ಹುಟ್ಟಿಸುವುದಿಲ್ಲ ಎಂದು ನ್ಯಾಯಾಲಯಗಳು ಲೆಕ್ಕವಿಲ್ಲದಷ್ಟು ಸಲ ಹೇಳಿವೆ. 30 ವರ್ಷ ಹಿಂದಕ್ಕೆ ನೋಡಿದರೆ ಸಾಕೆಂಬ ರೂಢಿ ಪೇಟೆಯ ಸೈಟಿಗೆ ಹೊಂದಬಹುದು. ತೋಟಕ್ಕೆ ಮೊದಲ ಮಂಜೂರಾತಿ ಅಥವಾ ಹಿಡುವಳಿಯ ಮೂಲದವರೆಗೆ ಹೋಗುವುದೇ ಕ್ಷೇಮ.

ಋಣಭಾರ ಪತ್ರ, ಎಲ್ಲರ ಬಾಯಲ್ಲಿ ಇ.ಸಿ., ನೋಂದಣಿಯಾದ ವ್ಯವಹಾರಗಳ ಪಟ್ಟಿ. 2004ರ ಏಪ್ರಿಲ್‌ನಿಂದ ಈಚಿನದು ಆನ್‌ಲೈನಿನಲ್ಲಿ ಸಿಗುತ್ತದೆ, ಅದಕ್ಕೂ ಹಿಂದಿನದನ್ನು ಉಪನೋಂದಣಿ ಕಚೇರಿಯ ಸೂಚಿಗಳಿಂದ ತೆಗೆಸಬೇಕು. ನೋಂದಾಯಿಸದ ಕರಾರು, ಮರಣಶಾಸನ, ಕೋರ್ಟಿನ ದಾವೆ, ಪಿಟಿಸಿಎಲ್ ಪ್ರಕರಣ ಇವು ಯಾವುವೂ ಅದರಲ್ಲಿ ಬರುವುದಿಲ್ಲ. ದಾವೆ ಬಾಕಿ ಇರುವಾಗ ಕೊಂಡವನು ತೀರ್ಪಿಗೆ ಬದ್ಧ ಎಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 52ನೇ ಸೆಕ್ಷನ್ ಹೇಳುವುದರಿಂದ ಮೂಡಿಗೆರೆ, ಚಿಕ್ಕಮಗಳೂರು ನ್ಯಾಯಾಲಯಗಳಲ್ಲಿ ಮಾರುವವನ ಹೆಸರಿನ ಮೇಲೆ ಹುಡುಕುವುದು ಪ್ರತ್ಯೇಕ ಕೆಲಸ.

ಕುಟುಂಬದ ಪಾಲು ಇನ್ನೊಂದು ದೊಡ್ಡ ಅಧ್ಯಾಯ. ಮಲೆನಾಡಿನ ಮನೆತನಗಳಲ್ಲಿ ಅಣ್ಣತಮ್ಮಂದಿರು ಪಾಲುಪಾರೀಖತ್ತು ಬರೆದುಕೊಂಡು, ಅದರ ಮೇಲೆ ಖಾತೆ ಮಾಡಿಸಿಕೊಂಡು, ನೋಂದಣಿ ಮಾಡಿಸದೆ ಬಿಟ್ಟಿರುವುದು ಸಾಮಾನ್ಯ. ಹೆಣ್ಣುಮಕ್ಕಳ ಹೆಸರೇ ಅದರಲ್ಲಿ ಇರುವುದಿಲ್ಲ. ಕರ್ನಾಟಕ 1994ರಲ್ಲಿ, ಕೇಂದ್ರ 2005ರ ಸೆಪ್ಟೆಂಬರ್ 9ರಿಂದ ಮಗಳಿಗೂ ಹುಟ್ಟಿನಿಂದಲೇ ಪಾಲು ಕೊಟ್ಟವು. ತಂದೆ ಆ ದಿನ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ವಿನೀತಾ ಶರ್ಮ ತೀರ್ಪಿನಲ್ಲಿ ಹೇಳಿತು. 2004ರ ಡಿಸೆಂಬರ್ 20ಕ್ಕಿಂತ ಮುಂಚೆ ನೋಂದಣಿಯಾದ ಅಥವಾ ಕೋರ್ಟಿನ ಡಿಕ್ರಿಯಿಂದ ಆದ ವಿಭಾಗ ಮಾತ್ರ ಭದ್ರ. ಆದ್ದರಿಂದ ಪಿತ್ರಾರ್ಜಿತ ತೋಟದ ಕ್ರಯಪತ್ರಕ್ಕೆ ಅಕ್ಕತಂಗಿಯರೂ ಅವರು ತೀರಿಕೊಂಡಿದ್ದರೆ ಅವರ ಮಕ್ಕಳೂ ಸಹಿ ಹಾಕುವಂತೆ, ಇಲ್ಲವೇ ನೋಂದಾಯಿತ ಹಕ್ಕುಬಿಡುಗಡೆ ಪತ್ರ ಬರುವಂತೆ ನೋಡಿಕೊಳ್ಳಬೇಕು. ಅಪ್ರಾಪ್ತರ ಪ್ರತ್ಯೇಕ ಸ್ವತ್ತಿಗೆ ನ್ಯಾಯಾಲಯದ ಅನುಮತಿ ಬೇಕು. ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ) ಮತ್ತು ಕರಾರಿನ ಮೇಲೆ ಮಾಡಿದ ‘ಮಾರಾಟ’ ಹಕ್ಕು ವರ್ಗಾಯಿಸುವುದಿಲ್ಲವೆಂದು 2011ರ ಸೂರಜ್ ಲ್ಯಾಂಪ್ ತೀರ್ಪು ಸ್ಪಷ್ಟಪಡಿಸಿದೆ.

ಅಳತೆ, ದಾರಿ, ಮರ

ದಾಖಲೆ ಸರಿಯಿದ್ದರೂ ನೆಲ ಸರಿಹೊಂದದಿರಬಹುದು. ಒಂದು ಸರ್ಕಾರಿ ಸರ್ವೆ ನಂಬರಿನಲ್ಲಿ ಹತ್ತಾರು ಜನರಿಗೆ ಮಂಜೂರಾಗಿ, ಎಲ್ಲರ ಪಹಣಿಯ ವಿಸ್ತೀರ್ಣ ಕೂಡಿಸಿದರೆ ಆಕಾರ್‌ಬಂದಿನ (ಸರ್ವೆ ದಾಖಲೆಯ) ವಿಸ್ತೀರ್ಣವನ್ನೇ ಮೀರುವುದುಂಟು. ಅಲ್ಲಿ ಪೋಡಿ ಆಗುವುದಿಲ್ಲ. ಪೋಡಿ ಆಗದ ತುಂಡಿನ ಗಡಿ ಎಲ್ಲಿ ಎಂದು ಯಾರೂ ಹೇಳಲಾರರು. ಸರ್ವೆ ನಂಬರಿನ ಭಾಗವೊಂದನ್ನು ಮಾರುವುದಾದರೆ ಆ ಭಾಗವನ್ನು ಅಳೆದು ಗುರುತಿಸಿದ 11ಇ ನಕ್ಷೆ ಬೇಕು. ಇಡೀ ನಂಬರನ್ನು ಕೊಳ್ಳುವಾಗಲೂ ಹದ್ದುಬಸ್ತು (ಗಡಿ ಅಳತೆ) ಮಾಡಿಸಿ, ಟಿಪ್ಪಣಿ ನಕ್ಷೆ ಹಿಡಿದು, ಅಕ್ಕಪಕ್ಕದವರನ್ನು ಕರೆಸಿ ಕಲ್ಲು ತೋರಿಸಿಕೊಳ್ಳುವುದು ಒಳ್ಳೆಯದು. ದಿಶಾಂಕ್ ಆ್ಯಪಿನಲ್ಲಿ ಮೊಬೈಲ್ ಹಿಡಿದು ನಿಂತರೆ ಯಾವ ಸರ್ವೆ ನಂಬರಿನಲ್ಲಿದ್ದೇವೆಂದು ಅಂದಾಜು ಸಿಗುತ್ತದೆ. ಅದು ಅಂದಾಜು ಮಾತ್ರ. ದಟ್ಟ ನೆರಳಿನ ಇಳಿಜಾರಿನಲ್ಲಿ ಗೆರೆ ಹತ್ತಾರು ಅಡಿ ಆಚೀಚೆ ಹೋಗುತ್ತದೆ.

ತೋಟಕ್ಕೆ ಹೋಗುವ ದಾರಿ ಗ್ರಾಮನಕ್ಷೆಯಲ್ಲಿ ಕಂಡ ದಾರಿಯೇ, ಪಕ್ಕದ ತೋಟದವರು ದಾಕ್ಷಿಣ್ಯಕ್ಕೆ ಬಿಟ್ಟದ್ದೇ ಎಂಬುದು ಕ್ರಯದ ನಂತರವೇ ಬಯಲಾಗುವ ವಿಷಯ. ಹಳೆಯ ಮಾಲೀಕನ ಮೇಲಿನ ಸ್ನೇಹಕ್ಕೆ ತೆರೆದಿದ್ದ ಗೇಟು ಹೊಸಬನಿಗೆ ಬೀಗ ಹಾಕಿಕೊಳ್ಳುತ್ತದೆ. ಲಾರಿ ಓಡಾಡುವಷ್ಟು ಅಗಲದ ದಾರಿಯ ಹಕ್ಕನ್ನು ಪಕ್ಕದವರಿಂದ ನೋಂದಾಯಿತ ಪತ್ರದಲ್ಲಿ ಮೊದಲೇ ಬರೆಸಿಕೊಳ್ಳದೆ ಬೆಲೆ ಮಾತಾಡುವುದು ಅವಸರ.

ಮರಗಳ ಬೆಲೆಯನ್ನು ಸೇರಿಸಿಯೇ ತೋಟದ ಬೆಲೆ ಹೇಳುವುದರಿಂದ ಮರ ಯಾರದ್ದೆಂಬ ಪ್ರಶ್ನೆ ಬರುತ್ತದೆ. ಮಂಜೂರಾತಿಯ ವೇಳೆ ಮರದ ಕಿಮ್ಮತ್ತು ಕಟ್ಟದೆ, ಮರಗಳನ್ನು ಸರ್ಕಾರ ತನ್ನಲ್ಲೇ ಉಳಿಸಿಕೊಂಡಿದ್ದರೆ ಬೀಟೆ, ತೇಗದ ಮೇಲೆ ಕೊಳ್ಳುವವನಿಗೆ ಹಕ್ಕಿಲ್ಲ. ಹಿಡುವಳಿಯ ಮರಕ್ಕೂ 1976ರ ಮರ ಸಂರಕ್ಷಣಾ ಕಾಯ್ದೆಯ ಅನುಮತಿ ಬೇಕು. ಸಿಲ್ವರ್ ಓಕ್‌ಗೆ ಕಡಿಯುವ ಅನುಮತಿಯಿಂದ ವಿನಾಯಿತಿ ಇದೆ.

ಕರಾರಿನಿಂದ ನೋಂದಣಿಗೆ

ಬೆಲೆ ಕುದುರಿದ ಮೇಲೆ ಕರಾರುಪತ್ರ. ಸರ್ವೆ ನಂಬರುವಾರು ವಿಸ್ತೀರ್ಣ, ಯಾವ ತುಂಡಿಗೆ ಎಷ್ಟು ಬೆಲೆ, ಅಳತೆ ಕಡಿಮೆ ಬಂದರೆ ಏನು, ಯಾವ ದಾಖಲೆ ಯಾರು ತರಬೇಕು, ಸಾಲ ಯಾರು ತೀರಿಸಬೇಕು ಎಂಬುದೆಲ್ಲ ಇದರಲ್ಲಿ ಬರಬೇಕು. ಬೇರೆ ಜಮೀನಿನ ಕರಾರಿನಲ್ಲಿ ಇಲ್ಲದ ಒಂದು ಅಂಶ ಇಲ್ಲಿ ಇದೆ: ಫಸಲು. ಅರೇಬಿಕಾ ನವೆಂಬರಿನಿಂದ, ರೋಬಸ್ಟಾ ಜನವರಿಯಿಂದ ಕೊಯ್ಲಿಗೆ ಬರುತ್ತದೆ. ಮೆಣಸು ಅದರ ಹಿಂದೆಯೇ. ಅಕ್ಟೋಬರಿನಲ್ಲಿ ಕರಾರಾಗಿ ಫೆಬ್ರವರಿಯಲ್ಲಿ ಕ್ರಯವಾದರೆ ನಡುವಿನ ಫಸಲು ಯಾರದ್ದು? ಮಾರುವವನು ಮೆಣಸನ್ನು ಮುಂಚೆಯೇ ಗುತ್ತಿಗೆಗೆ ಕೊಟ್ಟು ಹಣ ಪಡೆದಿದ್ದಾನೆಯೇ? ಹೂಮಳೆ ಹೊತ್ತಿನಲ್ಲಿ ತುಂತುರು ನೀರಾವರಿಯ ಖರ್ಚು ಯಾರದ್ದು? ಇದನ್ನು ಬರೆಯದ ಕರಾರುಗಳಿಂದಲೇ ಹೆಚ್ಚಿನ ಜಗಳ ಹುಟ್ಟುತ್ತದೆ. ಕರಾರನ್ನು ನೋಂದಾಯಿಸಿದರೆ ಅದು ಇ.ಸಿ.ಯಲ್ಲಿ ಕಾಣುತ್ತದೆ, ಇನ್ನೊಬ್ಬರಿಗೆ ಗುಟ್ಟಾಗಿ ಮಾರುವ ದಾರಿ ಮುಚ್ಚುತ್ತದೆ. 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆಯುವುದಕ್ಕೆ ಆದಾಯ ತೆರಿಗೆ ಕಾಯ್ದೆಯ ತಡೆ ಇದೆ. ಸ್ಥಳೀಯ ಪತ್ರಿಕೆಗಳಲ್ಲಿ ಸಾರ್ವಜನಿಕ ಪ್ರಕಟಣೆ ಕೊಟ್ಟು ತಕರಾರು ಕರೆಯುವುದು ಕಾನೂನಿನ ಕಡ್ಡಾಯವಲ್ಲ, ಆದರೆ ದೂರದ ದಾಯಾದಿಗಳನ್ನು ಹೊರಗೆ ತರುವುದರಲ್ಲಿ ಅದಕ್ಕೆ ಸಾಟಿ ಇಲ್ಲ.

ತೋಟದ ಮೇಲೆ ಬ್ಯಾಂಕ್ ಸಾಲ ಇಲ್ಲದಿರುವುದು ಕಡಿಮೆ. ಹಕ್ಕುಪತ್ರಗಳ ಠೇವಣಿಯಿಂದಾದ ಅಡಮಾನದಲ್ಲಿ ಮೂಲಪತ್ರಗಳು ಬ್ಯಾಂಕಿನಲ್ಲಿರುತ್ತವೆ. ಮೂಲಪತ್ರ ‘ಕಳೆದಿದೆ’ ಎನ್ನುವ ಮಾತನ್ನು ಸಂಶಯದಿಂದಲೇ ಕೇಳಬೇಕು. ಅಡಮಾನದ ಆಸ್ತಿಯನ್ನು ಕೋರ್ಟಿಗೆ ಹೋಗದೆ ಹರಾಜು ಹಾಕಲು ಬ್ಯಾಂಕಿಗೆ ಅಧಿಕಾರ ಕೊಡುವ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸುವುದಿಲ್ಲ ಎಂದಿದ್ದರೂ ಕಾಫಿ ತೋಟ ಆ ವಿನಾಯಿತಿಯೊಳಗೆ ಬರುತ್ತದೆಯೇ ಎಂಬುದು ವಿವಾದವಾಗಿ, ಕಾಫಿ ಜಿಲ್ಲೆಗಳಲ್ಲಿ ತೋಟಗಳ ಹರಾಜು ನೋಟಿಸುಗಳೂ ಬೆಳೆಗಾರರ ಸಂಘಟನೆಗಳ ಪ್ರತಿಭಟನೆಯೂ ನಡೆದಿವೆ. ಕ್ರಯದ ಹಣದಿಂದಲೇ ಸಾಲ ತೀರಿಸುವುದಾದರೆ ಬ್ಯಾಂಕಿನ ಹೆಸರಿಗೇ ಡಿಡಿ ಕೊಟ್ಟು, ಋಣಮುಕ್ತ ಪತ್ರ ಮತ್ತು ಮೂಲಪತ್ರಗಳನ್ನು ಅದೇ ದಿನ ಕೈಗೆ ತೆಗೆದುಕೊಳ್ಳುವ ಏರ್ಪಾಡು ರೂಢಿಯಲ್ಲಿದೆ.

ಗ್ರಾಮಾಂತರ ಜಮೀನಿನ ಕ್ರಯಕ್ಕೆ ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ ಮತ್ತು ಸರ್ಚಾರ್ಜ್ ಸೇರಿ ಶೇ 5.65. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2. ಮಾರ್ಗಸೂಚಿ ಬೆಲೆ, ನಿಜವಾದ ಬೆಲೆ ಇವೆರಡರಲ್ಲಿ ಹೆಚ್ಚಿನದರ ಮೇಲೆ ಶುಲ್ಕ. ಮಾರ್ಗಸೂಚಿಗೆ ಇಳಿಸಿ ಬರೆದು ಉಳಿದದ್ದನ್ನು ನಗದಾಗಿ ಕೊಡುವವರು ಮುಂದೆ ಹಕ್ಕು ಹೋದಾಗ ಪತ್ರದಲ್ಲಿರುವಷ್ಟನ್ನೇ ವಾಪಸು ಕೇಳಲು ಸಾಧ್ಯ. ಆದಾಯ ತೆರಿಗೆಯ ಲೆಕ್ಕದಲ್ಲಿ ಗ್ರಾಮೀಣ ಕೃಷಿ ಜಮೀನು ಬಂಡವಾಳ ಆಸ್ತಿಯಲ್ಲ. ಜನಸಂಖ್ಯೆ 1 ಲಕ್ಷ ಮೀರಿದ ಚಿಕ್ಕಮಗಳೂರಿನಂಥ ನಗರದ ಗಡಿಯಿಂದ 6 ಕಿಲೋಮೀಟರ್ ಒಳಗಿನ ಜಮೀನಿಗೆ ಆ ವಿನಾಯಿತಿ ಇಲ್ಲ. ರೆಸಾರ್ಟಿಗೆ ಭೂಪರಿವರ್ತನೆಯಾದ ಭಾಗವೂ ಕೃಷಿ ಜಮೀನಲ್ಲ. ಅದರ ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವವನು ಶೇ 1 ತೆರಿಗೆ ಮುರಿದು ಕಟ್ಟಬೇಕು.

ಕ್ರಯಪತ್ರದ ಕರಡು, ಶುಲ್ಕ, ಸಮಯ ನಿಗದಿ ಎಲ್ಲವೂ ಈಗ ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶದಲ್ಲಿ ನಡೆಯುತ್ತದೆ. ಬರೆದ ಪತ್ರವನ್ನು ನಾಲ್ಕು ತಿಂಗಳೊಳಗೆ ನೋಂದಣಿಗೆ ಹಾಜರುಪಡಿಸಬೇಕು. ಪತ್ರದ ಷೆಡ್ಯೂಲಿನಲ್ಲಿ ಚೆಕ್ಕುಬಂದಿ, ಖರಾಬು, ಮರ, ಕಣ, ಗೋದಾಮು, ಪಲ್ಪರ್, ಲೈನ್ ಮನೆ, ವಿದ್ಯುತ್ ಸಂಪರ್ಕದ ಆರ್.ಆರ್. ನಂಬರುಗಳನ್ನು ಬಿಡಿಬಿಡಿಯಾಗಿ ಕಾಣಿಸುವುದು ವಾಡಿಕೆ. ಹಕ್ಕಿನಲ್ಲಿ ದೋಷ ಕಂಡರೆ ಮಾರಿದವನು ನಷ್ಟ ತುಂಬಿಕೊಡುವ ಷರತ್ತನ್ನೂ ಸೇರಿಸಬೇಕು.

ನೋಂದಣಿಯ ವಿವರ ಭೂಮಿ ತಂತ್ರಾಂಶಕ್ಕೆ ತಾನಾಗಿ ಹೋಗಿ ಖಾತೆ ಬದಲಾವಣೆಯ ಪ್ರಕ್ರಿಯೆ ಶುರುವಾಗುತ್ತದೆ. ನೋಟಿಸಿನ ಅವಧಿಯಲ್ಲಿ ತಕರಾರು ಬಂದರೆ ಅದು ವಿಚಾರಣೆಗೆ ಹೋಗುತ್ತದೆ. ತೋಟದ ಕಟ್ಟಡಗಳ ಪಂಚಾಯಿತಿ ಖಾತೆ, ಮೆಸ್ಕಾಂ ಸಂಪರ್ಕ, 1942ರ ಕಾಫಿ ಕಾಯ್ದೆಯಡಿಯ ತೋಟದ ನೋಂದಣಿ ಇವನ್ನು ಪ್ರತ್ಯೇಕವಾಗಿ ಹೊಸ ಹೆಸರಿಗೆ ಮಾಡಿಸಿಕೊಳ್ಳಬೇಕು. ಲೈನ್ ಮನೆಗಳಲ್ಲಿರುವ ಕಾಯಂ ಕಾರ್ಮಿಕರನ್ನು ಮುಂದುವರಿಸಿದರೆ ಅವರ ಹಿಂದಿನ ಸೇವೆಯೂ ಗ್ರಾಚ್ಯುಟಿ ಹೊಣೆಯೂ ಹೊಸ ಮಾಲೀಕನ ಲೆಕ್ಕಕ್ಕೆ ಬರುತ್ತವೆ. ಆದ್ದರಿಂದ ಹಾಜರಿ ಪುಸ್ತಕ, ಬಾಕಿ ಸಂಬಳ, ಭವಿಷ್ಯನಿಧಿಯ ಕಂತುಗಳನ್ನು ನೋಡಿ, ಆ ಮೊತ್ತವನ್ನು ಕೊನೆಯ ಪಾವತಿಯಲ್ಲಿ ಹಿಡಿದುಕೊಳ್ಳಲಾಗುತ್ತದೆ.